ಚೆಂಡು ಎಲ್ಲರ ಕಾಲಿಗೂ ಸಿಗಲಿ

ಚಿಕ್ಕಮಗಳೂರಿನ ಓದುಗರೊಬ್ಬರು ಗೆಳೆಯರೊಡನೆ ಸೇರಿ 12 ವರ್ಷದೊಳಗಿನ ಮಕ್ಕಳ ಫುಟ್‌ಬಾಲ್ ತಂಡ ನಡೆಸುತ್ತಿದ್ದಾರೆ. ಕಳೆದ ವರ್ಷ ಆಯ್ಕೆಗೆ ಬಂದ ಸುಮಾರು 60 ಮಕ್ಕಳನ್ನು ಮೊದಲು ಮೈದಾನದ ಸುತ್ತ ಓಡಿಸಿ, ಆಮೇಲೆ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದಲೇ ಕೋನ್‌ಗಳ ನಡುವೆ ಚೆಂಡು ಒಯ್ಯಿಸಿ, ಕೊನೆಗೆ ಹನ್ನೊಂದು ಮಂದಿಯ ತಂಡಗಳನ್ನು ಮಾಡಿ 20 ನಿಮಿಷ ಆಡಿಸಿ, ಆಯ್ಕೆಯಾದ 16 ಮಂದಿಯ ಹೆಸರನ್ನು ಅಲ್ಲೇ ಮೈಕಿನಲ್ಲಿ ಓದಿದರಂತೆ. ಹೆಸರು ಬಾರದ ಮಕ್ಕಳಲ್ಲಿ ಹಲವರು ಅತ್ತರು. ಚೆನ್ನಾಗಿ ಪಾಸ್ ಕೊಡುತ್ತಿದ್ದ ಪುಟ್ಟ ಹುಡುಗನೊಬ್ಬ ಅಂದಿನಿಂದ ಮೈದಾನದ ಕಡೆ ಸುಳಿದಿಲ್ಲ. "ಆಯ್ಕೆ ನ್ಯಾಯವಾಗಿಯೂ ಇರಬೇಕು, ಮಕ್ಕಳಿಗೆ ಖುಷಿಯೂ ಆಗಬೇಕು. ಎರಡೂ ಒಟ್ಟಿಗೆ ಸಾಧ್ಯವೇ?" ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ಸಾಧ್ಯವಿದೆ; ಒಂದನ್ನು ಸರಿಯಾಗಿ ಮಾಡಿದರೆ ಇನ್ನೊಂದು ತಾನಾಗಿ ಬರುತ್ತದೆ ಎಂಬುದು ನನ್ನ ನಂಬಿಕೆ. ಮಕ್ಕಳು ಬಂದಿರುವುದು ಆಡಲು. ನೀವು ನೋಡಬೇಕಾಗಿರುವುದೂ ಅವರ ಆಟವನ್ನೇ. ಕಳೆದ ವರ್ಷ ನೀವು ಹೆಚ್ಚು ಹೊತ್ತು ನೋಡಿದ್ದು ಓಟವನ್ನು ಮತ್ತು ಸಾಲಿನಲ್ಲಿ ಕಾಯುವುದನ್ನು. ಕೊನೆಯಲ್ಲಿ ಆಡಿಸಿದಾಗಲೂ 22 ಮಕ್ಕಳಿಗೆ ಇದ್ದದ್ದು ಒಂದೇ ಚೆಂಡು. ನಾನು ಹಾಸನ ಜಿಲ್ಲೆಯ ಶಾಲೆಯೊಂದರಲ್ಲಿ ಏಳನೆಯ ತರಗತಿಯಲ್ಲಿದ್ದಾಗ ಇಂಥದ್ದೇ ಆಯ್ಕೆಗೆ ಹೋಗಿದ್ದೆ. ನನ್ನನ್ನು ಎಡಗಡೆಯ ಗೆರೆಯ ಹತ್ತಿರ ನಿಲ್ಲಿಸಿದ್ದರು. ಇಡೀ ಆಟದಲ್ಲಿ ಚೆಂಡು ನನ್ನ ಕಡೆ ಬಂದದ್ದು ಎರಡು ಸಲ, ಅದರಲ್ಲಿ ಒಂದು ಸಲ ನಾನು ಮುಟ್ಟುವ ಮೊದಲೇ ಗೆರೆ ದಾಟಿತ್ತು. ನನ್ನನ್ನು ಬಿಟ್ಟದ್ದಕ್ಕಿಂತ, ನೋಡದೆ ಬಿಟ್ಟರು ಎಂಬ ನೋವು ಬಹಳ ಕಾಲ ಉಳಿಯಿತು.

ಆದ್ದರಿಂದ ಮೈದಾನವನ್ನು ಸಣ್ಣ ಸಣ್ಣ ಅಂಕಣಗಳಾಗಿ ಒಡೆಯಿರಿ. ಸುಮಾರು 30 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ ನಾಲ್ವರ ವಿರುದ್ಧ ನಾಲ್ವರನ್ನು ಆಡಿಸಬಹುದು. ಪೂರ್ಣ ಅಳತೆಯ ಫುಟ್‌ಬಾಲ್ ಮೈದಾನದಲ್ಲಿ ಇಂಥ ಆರು ಅಂಕಣಗಳು ಸಲೀಸಾಗಿ ಹಿಡಿಯುತ್ತವೆ. ಅಂದರೆ ಒಂದೇ ಹೊತ್ತಿಗೆ 48 ಮಕ್ಕಳು ಆಡುತ್ತಾರೆ, ಉಳಿದ 12 ಮಂದಿ ನೀರು ಕುಡಿದು ಮುಂದಿನ ಸುತ್ತಿಗೆ ಇಳಿಯುತ್ತಾರೆ. ಎಂಟು ನಿಮಿಷಕ್ಕೊಮ್ಮೆ ತಂಡಗಳನ್ನು ಕಲಸಿಬಿಡಿ. ಒಳ್ಳೆಯ ಜೊತೆಗಾರರು ಸಿಕ್ಕಿದ್ದರಿಂದ ಮಿಂಚಿದವನು ಯಾರು, ಯಾರ ಜೊತೆ ಹಾಕಿದರೂ ಆಟ ಕಟ್ಟುವವನು ಯಾರು ಎಂಬುದು ಮೂರು ನಾಲ್ಕು ಸುತ್ತುಗಳಲ್ಲಿ ತಿಳಿಯುತ್ತದೆ. ಈ ವಯಸ್ಸಿಗೆ 4ನೇ ಸೈಜಿನ ಚೆಂಡು ಸಾಕು. ದೊಡ್ಡವರ 5ನೇ ಸೈಜಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ, ಅದು ಎಳೆಯ ಕಾಲಿಗೆ ಭಾರ. ಗೋಲ್‌ಕೀಪರ್ ಆಗುವ ಆಸೆ ಯಾರಿಗಿದೆ ಎಂದು ಕೇಳಿ ನಿಲ್ಲಿಸಿ. ದಪ್ಪಗಿರುವ ಹುಡುಗನನ್ನು ಗೋಲಿಗೆ ತಳ್ಳುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ.

ಏನನ್ನು ನೋಡಬೇಕು ಎಂದೂ ಕೇಳಿದ್ದೀರಿ. ಗೋಲು ಎಲ್ಲರಿಗೂ ಕಾಣುತ್ತದೆ, ಅದನ್ನು ಬರೆದುಕೊಳ್ಳಲು ಆಯ್ಕೆಗಾರ ಬೇಕಿಲ್ಲ. ಚೆಂಡು ತನ್ನ ಕಾಲಿಗೆ ಬರುವ ಮೊದಲೇ ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆ ಎಂದು ನೋಡಿಕೊಳ್ಳುವ ಮಗುವನ್ನು ಹುಡುಕಿ. ಮೊದಲ ಟಚ್‌ನಲ್ಲೇ ಚೆಂಡನ್ನು ಖಾಲಿ ಜಾಗದ ಕಡೆ ಇಟ್ಟುಕೊಳ್ಳುತ್ತದೆಯೇ, ಚೆಂಡು ಕಳೆದುಕೊಂಡ ಮರುಕ್ಷಣ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತದೆಯೇ ಅಥವಾ ಹಿಂದಕ್ಕೆ ಓಡುತ್ತದೆಯೇ, ಪಾಸ್ ತಪ್ಪಿದ ಜೊತೆಗಾರನನ್ನು ಗದರುತ್ತದೆಯೇ, ಇನ್ನೊಮ್ಮೆ ಕೊಡು ಎನ್ನುತ್ತದೆಯೇ ಎಂದು ನೋಡಿ. ಇವು ಕೋನ್‌ಗಳ ನಡುವೆ ಎಂದಿಗೂ ಕಾಣಸಿಗುವುದಿಲ್ಲ.

ಇಲ್ಲಿ ನಮ್ಮ ಕಣ್ಣೇ ನಮಗೆ ಮೋಸ ಮಾಡುವ ಸಂಗತಿಯೊಂದಿದೆ. ವಯಸ್ಸಿನ ಗಡಿಯನ್ನು ಜನವರಿ 1 ಎಂದು ಇಟ್ಟುಕೊಂಡರೆ, ಜನವರಿಯಲ್ಲಿ ಹುಟ್ಟಿದ ಮಗು ಅದೇ ವರ್ಷ ಡಿಸೆಂಬರಿನಲ್ಲಿ ಹುಟ್ಟಿದ್ದಕ್ಕಿಂತ ಹೆಚ್ಚು ಕಡಿಮೆ ಒಂದು ವರ್ಷ ದೊಡ್ಡದು. ಹನ್ನೊಂದರ ವಯಸ್ಸಿನಲ್ಲಿ ಅದು ಎತ್ತರ, ಬಲ, ವೇಗ ಮೂರರಲ್ಲೂ ಎದ್ದು ಕಾಣುತ್ತದೆ, ಮತ್ತು ನಾವು ಅದನ್ನು ಪ್ರತಿಭೆ ಎಂದುಕೊಳ್ಳುತ್ತೇವೆ. ನೆದರ್ಲೆಂಡ್ಸ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಕ್ಕಳ ಜನ್ಮದಿನಾಂಕವನ್ನು ಆಯ್ಕೆಗಾರರ ಕೈಗೆ ಕೊಟ್ಟರೂ ಈ ಪಕ್ಷಪಾತ ಹೋಗಲಿಲ್ಲ. ವಯಸ್ಸಿನ ಕ್ರಮದಲ್ಲೇ ಜರ್ಸಿಗೆ ನಂಬರು ಹಾಕಿ, ಆ ಕ್ರಮವನ್ನು ತಿಳಿಸಿದಾಗ ಹೋಯಿತು. ಇದಕ್ಕೆ ನಿಮಗೆ ಖರ್ಚೇ ಇಲ್ಲ. ಎಲ್ಲರಿಗಿಂತ ಹಿರಿಯ ಮಗುವಿಗೆ 1, ಎಲ್ಲರಿಗಿಂತ ಕಿರಿಯ ಮಗುವಿಗೆ 60 ಎಂದು ನಂಬರಿರುವ ಬಿಬ್ (ಅಂಗಿಯ ಮೇಲೆ ತೊಡುವ ತೋಳಿಲ್ಲದ ಮೇಲಂಗಿ) ಕೊಡಿ. 54ನೇ ನಂಬರಿನ ಹುಡುಗಿ 6ನೇ ನಂಬರಿನ ಹುಡುಗನಿಂದ ಚೆಂಡು ಕಸಿದಾಗ ಅದರ ಬೆಲೆ ಏನೆಂದು ಬರೆದುಕೊಳ್ಳುವವರಿಗೆ ತಕ್ಷಣ ಗೊತ್ತಾಗುತ್ತದೆ. ಬರೆಯುವವರು ನಾಲ್ವರಾದರೂ ಇರಲಿ, ಪ್ರತಿ ಸುತ್ತಿಗೂ ಅಂಕಣ ಬದಲಿಸಲಿ, ತಮ್ಮ ಸ್ವಂತ ಮಕ್ಕಳಿಗೆ ಅಂಕ ಹಾಕದಿರಲಿ.

ದಿನ ಮತ್ತು ಹೊತ್ತು ಸಣ್ಣ ವಿಷಯವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮೂರಿನ ಮಳೆಯಲ್ಲಿ ಮೈದಾನ ಕೆಸರುಗದ್ದೆ. ಅರೇಬಿಕಾ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಕಾರ್ಮಿಕರ ಲೈನ್ ಮನೆಗಳ ತಂದೆತಾಯಿಗೆ ಮಕ್ಕಳನ್ನು ಪೇಟೆಗೆ ಕರೆತರಲು ಬಿಡುವಿರುವುದಿಲ್ಲ. ಕೊಯ್ಲು ಮುಗಿದು ಪರೀಕ್ಷೆ ಶುರುವಾಗುವ ಮುನ್ನ, ಫೆಬ್ರವರಿಯ ಎರಡು ಭಾನುವಾರಗಳನ್ನು ಇಟ್ಟುಕೊಳ್ಳಿ. ಎರಡು ದಿನ ಏಕೆಂದರೆ, ಮೊದಲ ದಿನ ಹೆದರಿಕೆಯಿಂದ ಮುದುಡಿದ ಮಗು ಎರಡನೆಯ ದಿನ ಅರಳಬಹುದು. ಬೆಳಿಗ್ಗೆ ಏಳಕ್ಕೆ ಬನ್ನಿ ಎಂದರೆ ದೂರದ ಆಲ್ದೂರಿನ ಕಡೆಯ ಮಗು ಬರುವುದೇ ಇಲ್ಲ, ಒಂಬತ್ತೂವರೆ ಎನ್ನಿ. ಸ್ಟಡ್ ಶೂ ಕಡ್ಡಾಯವಲ್ಲ ಎಂದು ಸೂಚನಾಪತ್ರದಲ್ಲೇ ಬರೆಯಿರಿ. ಮಕ್ಕಳು ಬರುವ ಮೊದಲೇ ಚೆಂಡುಗಳು ಮೈದಾನದಲ್ಲಿರಲಿ, ಬಂದವರು ಬಂದ ಹಾಗೆ ಆಡಲಿ. ತಂದೆತಾಯಿಯರನ್ನು ಎದುರು ಬದಿಯ ಮೆಟ್ಟಿಲುಗಳ ಮೇಲೆ ಕೂರಿಸಿ, ಚಪ್ಪಾಳೆ ಬಿಟ್ಟು ಬೇರೆ ಸಲಹೆ ಬೇಡ ಎಂದು ನಯವಾಗಿ ಹೇಳಿ.

ಇನ್ನು ಫಲಿತಾಂಶ. ಮೈಕು ಬೇಡ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಟ್ಟಿಯೂ ಬೇಡ. ಎರಡು ದಿನದೊಳಗೆ ಪ್ರತಿ ಮಗುವಿಗೂ ಒಂದು ಚೀಟಿ ಕೊಡಿ: ನೀನು ಚೆನ್ನಾಗಿ ಮಾಡಿದ್ದು ಇದು, ಮುಂದಿನ ಸಲಕ್ಕೆ ಅಭ್ಯಾಸ ಮಾಡಬೇಕಾದ್ದು ಇದು. ಅರವತ್ತು ಚೀಟಿ ಬರೆಯುವುದು ಒಂದು ಸಂಜೆಯ ಕೆಲಸ. ಆಯ್ಕೆಯಾಗದವರಿಗೆ ಭಾನುವಾರದ ಅಭ್ಯಾಸ ತೆರೆದಿರುತ್ತದೆ ಎಂದು ಅದರಲ್ಲೇ ತಿಳಿಸಿ, ಮತ್ತು ನಿಜಕ್ಕೂ ತೆರೆದಿಡಿ.

ಮೈದಾನಕ್ಕೆ ಬಾರದೆ ಉಳಿದ ಆ ಹುಡುಗನ ಮನೆ ನಿಮ್ಮ ಪಕ್ಕದ ಬೀದಿಯಲ್ಲೇ ಇದೆ ಎಂದು ಬರೆದಿದ್ದೀರಿ. ಈ ವರ್ಷದ ಸೂಚನಾಪತ್ರ ಅಚ್ಚಾದ ದಿನ ಮೊದಲ ಪ್ರತಿಯನ್ನು ತೆಗೆದುಕೊಂಡು ನೀವೇ ಅಲ್ಲಿಗೆ ಹೋಗಿ, ಅವನ ಪಾಸ್‌ಗಳು ನಿಮಗೆ ಇನ್ನೂ ನೆನಪಿವೆ ಎಂದು ಅವನಿಗೆ ಹೇಳಿ.

— ಸಂಪಾದಕ