ರಜೆ ಪೂರ್ತಿ ನೀನೇ ತಗೋಬೇಡ, ತಂಗಿ

ಚಿಂತಾಮಣಿಯಿಂದ ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಬಂದು ಕೆಲಸಕ್ಕೆ ಸೇರಿ ಒಂದೂವರೆ ವರ್ಷ, ಈಗ ಐದು ತಿಂಗಳ ಬಸುರಿ ಅಂತ ಬರೆದಿದ್ದೀಯ. ಆಫೀಸಿನಲ್ಲಿ ಯಾವಾಗ ಹೇಳಲಿ, ಅಮ್ಮನನ್ನು ಕರೆಸಲಾ, ಮನೆಯವರಿಗೆ ಕೆಲಸ ಜಾಸ್ತಿ, ಮಗು ನೋಡಿಕೊಳ್ಳುವ ರಜೆಯೆಲ್ಲ ನಾನೇ ತಗೊಳ್ಳಲಾ ಅಂತ ಕೇಳಿದ್ದೀಯ. 2017ರಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ.

ಆಫೀಸಿನಲ್ಲಿ ಈಗಲೇ ಹೇಳಿಬಿಡು. ರಜೆಗೆ ಎರಡು ತಿಂಗಳು ಮುಂಚೆ ತಿಳಿಸಬೇಕು ಅಂತ ಇಲ್ಲಿ ಕಾನೂನಿದೆ. ಹೆರಿಗೆಯ ದಿನಕ್ಕೆ ಮೊದಲು ಸತತ 240 ದಿನ ಕೆಲಸ ಮಾಡಿರಬೇಕು, ಆಗ ಸಂಬಳದ ಲೆಕ್ಕದಲ್ಲಿ ದುಡ್ಡು ಬರುತ್ತದೆ. ನಿನ್ನದು ಆಗಿದೆ.

ಅಮ್ಮನಿಗೆ ಸಿಗುವುದು 90 ದಿನದ ವೀಸಾ. ನಮ್ಮಮ್ಮ ಶಿಡ್ಲಘಟ್ಟದ ಹತ್ತಿರದ ಊರಲ್ಲಿ ಒಂದು ರೇಷ್ಮೆ ಬೆಳೆಯನ್ನೇ ಬಿಟ್ಟು ನನ್ನ ಬಾಣಂತನಕ್ಕೆ ಬಂದಿದ್ದರು. ಆ ಋಣ ತೀರಿಸಲಾರೆ.

ಇನ್ನು ರಜೆ. ಒಂದು ಮಗುವಿಗೆ ಇಬ್ಬರಿಗೂ ಸೇರಿ 480 ದಿನ. ಅದರಲ್ಲಿ ಅಪ್ಪನ 90 ದಿನ ಅಪ್ಪನೇ ತಗೋಬೇಕು, ನಿನಗೆ ಬರೆದುಕೊಡಲು ಆಗುವುದಿಲ್ಲ. ಉಳಿದದ್ದನ್ನೆಲ್ಲ ನಮ್ಮವರು ನನಗೆ ಕೊಟ್ಟರು. "ಗಂಡಸು ಮಗು ಎತ್ತಿಕೊಂಡು ಮನೇಲಿ ಕೂತರೆ ಜನ ಏನಂತಾರೆ?" ಅಂತ ಅತ್ತೆ ಫೋನಿನಲ್ಲಿ ಕೇಳಿದ್ದರು. ನನಗೂ ಸರಿ ಅನ್ನಿಸಿತ್ತು. ನಿಮ್ಮವರ ಸರದಿ ಯಾವಾಗ ಅಂತ ಮ್ಯಾನೇಜರ್ ಕೇಳಿದಾಗ, ನಮ್ಮಲ್ಲಿ ತಾಯಿಯೇ ನೋಡಿಕೊಳ್ಳುವುದು ಅಂತ ಹೆಮ್ಮೆಯಿಂದ ಹೇಳಿದ್ದೆ. ಪಕ್ಕದ ಮೇಜಿನವನು ಆರು ತಿಂಗಳು ಮಗು ನೋಡಿಕೊಂಡು ಬಂದು ತನ್ನ ಕೆಲಸದಲ್ಲೇ ಕೂತ. ನಾನು ಒಂದೂವರೆ ವರ್ಷ ಬಿಟ್ಟು ಹೋದಾಗ ನನ್ನ ಪ್ರಾಜೆಕ್ಟ್ ಬೇರೆಯವರ ಕೈಗೆ ಹೋಗಿತ್ತು.

ಅದಕ್ಕಿಂತ ಜಾಸ್ತಿ ನೋಯಿಸಿದ್ದು ಬೇರೆ. ಮಗಳಿಗೆ ಎರಡು ವರ್ಷ. ಜ್ವರ. ಅವತ್ತು ನನಗೆ ಮುಖ್ಯವಾದ ಮೀಟಿಂಗ್, ನಮ್ಮವರು ಮನೆಯಲ್ಲಿ ಉಳಿದರು. ಮೀಟಿಂಗ್ ಮಧ್ಯೆ ಫೋನ್: "ರಾಗಿ ಸರಿಗೆ ನೀರು ಎಷ್ಟು ಹಾಕ್ತೀಯ?" ಹಿಂದೆ ಮಗು ಅಮ್ಮಾ ಅಮ್ಮಾ ಅಂತ ಅಳುತ್ತಿತ್ತು. ಎರಡು ವರ್ಷದ ಮಗುವಿನ ಅಪ್ಪ. ಕೆಟ್ಟವರಲ್ಲ, ಕಲಿಯಲು ನಾನೇ ಬಿಟ್ಟಿರಲಿಲ್ಲ. ಎದ್ದು ಮನೆಗೆ ಬಂದೆ. ಆಮೇಲೂ ಪ್ರತಿ ಜ್ವರಕ್ಕೂ ನಾನೇ ಬಂದೆ.

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ರಾತ್ರಿಯೆಲ್ಲ ಕೂತು ಅವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡುತ್ತಿದ್ದರು. ನಿನಗೆ ಗೊತ್ತಲ್ವಾ, ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ ಅದು. ಅದನ್ನು ನೋಡಿಕೊಂಡೇ ಬೆಳೆದವಳು ನಾನು.

ನಮ್ಮವರ 90 ದಿನ ಇನ್ನೂ ಹಾಗೇ ಬಿದ್ದಿವೆ. ಮಗಳು ಸ್ಕೂಲಿಗೆ ಹೋಗುತ್ತಾಳೆ.

ನಿಮ್ಮವರ ರಜೆಯ ತಾರೀಕು ಹೆರಿಗೆಗೆ ಮೊದಲೇ ಬರೆಸಿಬಿಡು. ಅಡ್ರೆಸ್ ಕಳಿಸು, ಅಮ್ಮ ಬರುವವರೆಗೆ ಮೆಣಸಿನ ಸಾರು ನಾನು ತರುತ್ತೇನೆ.