ಹಳೆಯ 240ಝೆಡ್ ಕಟ್ಟುವಾಗ ಎಂಜಿನ್‌ನಿಂದ ಶುರು ಮಾಡಬೇಡಿ

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? 1972ರ ಡಾಟ್ಸನ್ 240ಝೆಡ್, ಅಂದರೆ ಹಳೆಯ ಜಪಾನೀ ಸ್ಪೋರ್ಟ್ಸ್ ಕಾರು, ಸಿಕ್ಕಿದೆ. ಎಂಜಿನ್ ಜಾಮ್ ಆಗಿದೆ, ಹೇಗೂ ಎಲ್ಲ ಬಿಚ್ಚಬೇಕು. ರಜಾ ದಿನ ಬೆಟ್ಟದ ರಸ್ತೆಯಲ್ಲಿ ಓಡಿಸಬೇಕು, ವರ್ಷಕ್ಕೊಂದೆರಡು ಸಲ ದೂರದ ಪ್ರಯಾಣವೂ ಆಗಬೇಕು. ಗೆಳೆಯರು ಮೂರು ವೆಬರ್ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ), ರೇಸ್ ಕ್ಯಾಮ್ (ಎಂಜಿನ್‌ನ ವಾಲ್ವ್ ತೆರೆಯುವ ಶಾಫ್ಟ್) ಹಾಕು ಅನ್ನುತ್ತಿದ್ದಾರೆ. ಒಬ್ಬರು ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, ಕೂರಿಸು ಅಂದಿದ್ದಾರೆ. ಯಾವ ಕಾನ್ಫಿಗರೇಶನ್ ಸರಿ?

ಗೆಳೆಯರ ಮಾತು ಕೇಳಿ ನಾನೂ ಒಂದು ಸಲ ಕೈ ಸುಟ್ಟುಕೊಂಡಿದ್ದೇನೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನನ್ನ ಮೊದಲ 240ಝೆಡ್‌ನಲ್ಲಿ ಇದ್ದದ್ದೆಲ್ಲ ಒಳ್ಳೆಯ ಸಾಮಾನೇ. 2.8 ಲೀಟರ್ ಎಂಜಿನ್, ಮೂರು ವೆಬರ್, ದೊಡ್ಡ ಕ್ಯಾಮ್. ಬಾನೆಟ್ ಎತ್ತಿದರೆ ಜನ ಫೋಟೊ ತೆಗೆಯುತ್ತಿದ್ದರು. ಓಡಿಸಿದವರಿಗೆ ಮಾತ್ರ ಅದರ ಬಣ್ಣ ಗೊತ್ತು. ಸಿಗ್ನಲ್‌ನಲ್ಲಿ ನಿಂತರೆ ಇಡೀ ಕಾರು ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತು. ಐಡಲ್ (ಕಾರು ನಿಂತಿರುವಾಗ ಎಂಜಿನ್ ಸುತ್ತುವ ವೇಗ) ನಿಮಿಷಕ್ಕೆ 1200 ಸುತ್ತಿಗಿಂತ ಕೆಳಗೆ ಇಳಿಸಿದರೆ ಆಫ್. ಮನೆಗೆ ಬಂದು ಶರ್ಟ್ ಬಿಚ್ಚಿದರೆ ಅದರಲ್ಲೂ ಪೆಟ್ರೋಲ್ ವಾಸನೆ. 3500 ಆರ್‌ಪಿಎಂ ದಾಟಿದ ಮೇಲಷ್ಟೇ ಎಂಜಿನ್‌ಗೆ ಎಚ್ಚರವಾಗುತ್ತಿತ್ತು. ಆದರೆ ನಾಲ್ಕು ಗೇರಿನ ಬಾಕ್ಸ್ ಮತ್ತು 3.36ರ ಡಿಫರೆನ್ಶಿಯಲ್ (ಎಂಜಿನ್‌ನ ಸುತ್ತನ್ನು ಹಿಂದಿನ ಚಕ್ರಗಳಿಗೆ ಹಂಚುವ ಗೇರ್; ಶಾಫ್ಟ್ 3.36 ಸುತ್ತು ಬಂದರೆ ಚಕ್ರಗಳು ಒಂದು ಸುತ್ತು) ಅನ್ನು ನಾನು ಹಾಗೇ ಬಿಟ್ಟಿದ್ದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ, ಟಾಪ್ ಗೇರ್‌ನಲ್ಲಿ, ಅದು ಸುತ್ತುತ್ತಿದ್ದದ್ದು ಸುಮಾರು 2800ರಲ್ಲಿ. ಅಂದರೆ ದೂರದ ಪ್ರಯಾಣ ಪೂರ್ತಿ ಎಂಜಿನ್ ನಿದ್ದೆ ಮಾಡುತ್ತಿತ್ತು. ಓವರ್‌ಟೇಕ್ ಮಾಡಲು ಪೆಡಲ್ ಒತ್ತಿದರೆ ಒಂದು ಕೆಮ್ಮು, ಆಮೇಲೆ ಒಂದು ಕ್ಷಣ ಏನೂ ಇಲ್ಲ.

ಒಂದೊಂದು ಸಾಮಾನಿನಲ್ಲೂ ತಪ್ಪಿರಲಿಲ್ಲ. ಒಂದಕ್ಕೊಂದು ಹೊಂದುತ್ತಿರಲಿಲ್ಲ, ಅಷ್ಟೇ.

ಹಾಗಾಗಿ ನನ್ನ ಸಲಹೆ: ಹಿಂದಿನ ಚಕ್ರದಿಂದ ಶುರು ಮಾಡಿ, ಮುಂದಕ್ಕೆ ಬನ್ನಿ. ಟೈರ್, ಡಿಫ್, ಗೇರ್‌ಬಾಕ್ಸ್, ಆಮೇಲೆ ಕ್ಯಾಮ್, ಕೊನೆಗೆ ಕಾರ್ಬುರೇಟರ್. ಎಲ್ಲರೂ ಮಾಡುವುದು ಇದರ ಉಲ್ಟಾ.

ಲೆಕ್ಕ ಕಷ್ಟದ್ದಲ್ಲ. 195/70 ಆರ್14 ಟೈರಿನ ಸುತ್ತಳತೆ ಹತ್ತಿರ ಹತ್ತಿರ 1.98 ಮೀಟರ್. 14 ಇಂಚಿನಲ್ಲಿ ಈಗ ಒಳ್ಳೆಯ ಟೈರ್ ಸಿಗುವುದು ಕಷ್ಟ. 205/60 ಆರ್15 ಹಾಕಿದರೂ ಸುತ್ತಳತೆ ಬಹುತೇಕ ಅಷ್ಟೇ, ಹಾಗಾಗಿ ಸ್ಪೀಡೋಮೀಟರ್ ಕೆಡುವುದಿಲ್ಲ. 100 ಕಿ.ಮೀ. ವೇಗದಲ್ಲಿ ಈ ಚಕ್ರ ನಿಮಿಷಕ್ಕೆ ಸುಮಾರು 844 ಸುತ್ತು ತಿರುಗುತ್ತದೆ. ಅದನ್ನು ಡಿಫ್‌ನ ಅನುಪಾತದಿಂದ ಗುಣಿಸಿ, ಗೇರಿನ ಅನುಪಾತದಿಂದ ಇನ್ನೊಮ್ಮೆ ಗುಣಿಸಿ. ಎಂಜಿನ್ ಎಷ್ಟರಲ್ಲಿ ಇರುತ್ತದೆ ಅನ್ನುವುದು ಬಂತು.

240ಝೆಡ್‌ಗಳಲ್ಲಿ ಅಮೆರಿಕಕ್ಕೆ ಹೋದವು ನಾಲ್ಕು ಗೇರ್, 3.36ರ ಡಿಫ್. ಬ್ರಿಟನ್‌ಗೆ ಹೋದವು ಐದು ಗೇರ್, 3.9. ನಾನು ಎರಡನೇ ಸಲ ಕಟ್ಟುವಾಗ 3.9ರ ಡಿಫ್ ಹಾಕಿ, ಅದರ ಮುಂದೆ 1980ರ ದಶಕದ ಶುರುವಿನ, ಇದೇ ಸಾಲಿನ ಆಮೇಲಿನ ಕಾರಾದ 280ಝೆಡ್‌ಎಕ್ಸ್‌ನ ಐದು ಗೇರಿನ ಬಾಕ್ಸ್ ಕೂರಿಸಿದೆ. ಅದರ ಐದನೇ ಗೇರ್ 0.745. ಲೆಕ್ಕ ಹಾಕಿ: 844, 3.9, 0.745. ಬಂದದ್ದು 2450. ಹೈವೇಯಲ್ಲಿ ಮೊದಲಿಗಿಂತ ಆರಾಮ. ಹಾಗಂತ ಏರಿನಲ್ಲಿ ಸೊರಗಿತೇ? ಇಲ್ಲ. ಆ ಬಾಕ್ಸಿನ ಮೊದಲ ಗೇರ್ 3.06. ಅದನ್ನು 3.9ರಿಂದ ಗುಣಿಸಿದರೆ ಹತ್ತಿರ ಹತ್ತಿರ 12. ಹಳೆಯ ಜೋಡಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದರೆ ಶುರುವಿನ ಎಳೆತ ಹಾಗೇ ಉಳಿಯಿತು, ನಡುವಿನ ಗೇರ್‌ಗಳು ಹತ್ತಿರ ಬಂದವು, ಮೇಲೊಂದು ಆರಾಮದ ಗೇರ್ ಸಿಕ್ಕಿತು. ಈ ಕಾರಿಗೆ ಖರ್ಚು ಮಾಡಿದ್ದರಲ್ಲಿ ನನಗೆ ಇದರಷ್ಟು ಸಮಾಧಾನ ಕೊಟ್ಟದ್ದು ಬೇರೆ ಇಲ್ಲ.

ಒಂದು ಎಚ್ಚರಿಕೆ. ಗೇರ್‌ಬಾಕ್ಸ್ ಬದಲಿಸುವಾಗ ಕ್ಲಚ್ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಕೂರುವ ಕಾಲರ್ ನೋಡಿಕೊಳ್ಳಿ. ಅದರಲ್ಲಿ ಬೇರೆ ಬೇರೆ ಎತ್ತರದವು ಇವೆ. ಅದು ಹೊಂದಬೇಕಾದ್ದು ನಿಮ್ಮ ಪ್ರೆಷರ್ ಪ್ಲೇಟಿಗೆ (ಕ್ಲಚ್ಚನ್ನು ಒತ್ತಿ ಹಿಡಿಯುವ ತಟ್ಟೆ), ಗೇರ್‌ಬಾಕ್ಸಿಗಲ್ಲ. ತಪ್ಪಿದರೆ ಕ್ಲಚ್ ಬಿಡುವುದೇ ಇಲ್ಲ, ಇಲ್ಲವೇ ಹಿಡಿಯುವುದೇ ಇಲ್ಲ. ಅಷ್ಟಕ್ಕೇ ಬಾಕ್ಸ್ ಮತ್ತೆ ಇಳಿಸಬೇಕು.

ಈಗ ಎಂಜಿನ್. ಮೂಲದ್ದು ಎಲ್24: 83 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 73.7 ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 2393 ಸಿಸಿ. ಮೊದಲು ಬ್ಲಾಕಿನ (ಸಿಲಿಂಡರ್‌ಗಳಿರುವ ಎಂಜಿನ್‌ನ ಮುಖ್ಯ ದೇಹ) ಮೇಲೆ ಕೊರೆದ ನಂಬರ್ ಮತ್ತು ಎಂಜಿನ್ ಬೇಯಲ್ಲಿರುವ ತಗಡಿನ ಪ್ಲೇಟಿನ ನಂಬರ್ ಒಂದೇನಾ ನೋಡಿ. ಒಂದೇ ಆಗಿದ್ದರೆ ಅದು ಕಾರಿನ ಜೊತೆಗೇ ಬಂದ ಎಂಜಿನ್, ಆ ಬ್ಲಾಕನ್ನು ಕೊರೆಸಲು ಕೊಡಬೇಡಿ. ಎಣ್ಣೆ ಸವರಿ, ಸುತ್ತಿ ಇಡಿ. ಜಾಮ್ ಆಗಿದ್ದರೂ ಸರಿ. ಓಡಿಸಲು ಎಲ್28 ಹುಡುಕಿ. 86 ಬೋರ್, 79 ಸ್ಟ್ರೋಕ್, 2753 ಸಿಸಿ. ಅದೇ ಕುಟುಂಬದ್ದು, ಅದೇ ಮೌಂಟಿಂಗ್‌ನಲ್ಲಿ ಕೂರುತ್ತದೆ, ಬಾನೆಟ್ ಎತ್ತಿದವರಿಗೆ ವ್ಯತ್ಯಾಸ ತಿಳಿಯುವುದೂ ಕಷ್ಟ. ಕಾರಿನ ತೂಕ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇದಕ್ಕೆ 2.8 ಲೀಟರ್ ಧಾರಾಳ.

ಹೆಡ್ (ಬ್ಲಾಕಿನ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ವಿಷಯದಲ್ಲಿ ಒಂದು ಹಳೇ ಚಾಳಿ ಇದೆ. 1970ರ ಮೊದಲ ಕಾರುಗಳ ಇ31 ಹೆಡ್‌ನ ಚೇಂಬರ್ (ಪೆಟ್ರೋಲ್ ಉರಿಯುವ ಜಾಗ) ಚಿಕ್ಕದು. ಅದನ್ನು ತಂದು ಫ್ಲಾಟ್ ಟಾಪ್ ಪಿಸ್ಟನ್ ಇರುವ ಎಲ್28 ಮೇಲೆ ಕೂರಿಸುತ್ತಾರೆ. ಕಂಪ್ರೆಷನ್ (ಉರಿಯುವ ಮುಂಚೆ ಗಾಳಿ-ಪೆಟ್ರೋಲ್ ಎಷ್ಟು ಪಟ್ಟು ಒತ್ತಿಹೋಗುತ್ತದೆ ಅನ್ನುವುದು) 10 ದಾಟುತ್ತದೆ. ಕಾಗದದ ಮೇಲೆ ಚೆನ್ನ. ಆದರೆ ಏರಿನಲ್ಲಿ, ಬಿಸಿಯಲ್ಲಿ, ಸಾಧಾರಣ ಪೆಟ್ರೋಲ್ ಹಾಕಿ ಓಡಿಸುವಾಗ ಎಂಜಿನ್ ಕುಟ್ಟುವ ಸದ್ದು ಕೇಳುತ್ತದೆ. ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದಕ್ಕೆ ಎಳೆಯಬೇಕಾಗುತ್ತದೆ. ಸಿಕ್ಕ ಶಕ್ತಿ ಅಲ್ಲೇ ಹೋಯಿತು. ನಿಮ್ಮ ಬಳಕೆಗೆ 280ಝೆಡ್‌ಎಕ್ಸ್‌ನಲ್ಲಿ ಬಂದ ಎಫ್54 ಬ್ಲಾಕ್ ಮತ್ತು ಪಿ79 ಹೆಡ್ ಜೋಡಿಯೇ ಸಾಕು. ಕಂಪ್ರೆಷನ್ 8.8, ಯಾವ ಪೆಟ್ರೋಲ್ ಹಾಕಿದರೂ ಗೊಣಗುವುದಿಲ್ಲ.

ಕ್ಯಾಮ್ ಮೂಲದ್ದೋ, ಅದಕ್ಕಿಂತ ಒಂದೇ ಮೆಟ್ಟಿಲು ಮೇಲಿನದೋ ಇರಲಿ. 2500ರಿಂದ ಎಳೆಯಲು ಶುರು ಮಾಡುವ ಕ್ಯಾಮ್ ಬೇಕು, ಏಕೆಂದರೆ ನಿಮ್ಮ ಗೇರಿಂಗ್ ನಿಮ್ಮನ್ನು ಇಡೀ ದಿನ ಅಲ್ಲೇ ಇಡುತ್ತದೆ.

ಕ್ಯಾಮ್ ಬದಲಿಸಿದರೂ, ಹೆಡ್ ಸಾಣೆ ಹಿಡಿಸಿದರೂ ಒಂದು ಕೆಲಸ ತಪ್ಪಿಸಬೇಡಿ. ರಾಕರ್‌ನ ಪ್ಯಾಡಿಗೆ, ಅಂದರೆ ವಾಲ್ವ್ ಒತ್ತುವ ಸನ್ನೆಯಲ್ಲಿ ಕ್ಯಾಮ್ ಉಜ್ಜುವ ಜಾಗಕ್ಕೆ, ಮಾರ್ಕರ್‌ನಿಂದ ಬಣ್ಣ ಬಳಿಯಿರಿ. ಎಂಜಿನ್ ಅನ್ನು ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ರಾಕರ್ ತೆಗೆದು ನೋಡಿ: ಬಣ್ಣ ಅಳಿಸಿದ ಜಾಗ ಪ್ಯಾಡಿನ ನಡುವೆ ಇರಬೇಕು. ಅಂಚಿಗೆ ಹೋಗಿದ್ದರೆ ವಾಲ್ವ್ ತುದಿಯ ಲ್ಯಾಶ್ ಪ್ಯಾಡ್ (ಚಿಕ್ಕ ಬಿಲ್ಲೆ) ಬೇರೆ ದಪ್ಪದ್ದು ಬೇಕು. ಮೆಕ್ಯಾನಿಕ್ "ಸಾರ್, ಅಷ್ಟೆಲ್ಲ ಬೇಡ" ಅನ್ನಬಹುದು. ನನ್ನ ಮೊದಲ ಎಂಜಿನ್‌ನ ಕ್ಯಾಮ್ ಹಾಗೆ ಅಂದವರ ಕೈಯಲ್ಲೇ ಹಾಳಾದದ್ದು. ಒಂದು ಲೋಬ್ (ಕ್ಯಾಮಿನ ಉಬ್ಬು) ಸವೆದು ಉಳಿದವುಗಳಿಗಿಂತ ಕುಳ್ಳಗಾಗಿತ್ತು. ವಾಲ್ವ್ ಕ್ಲಿಯರೆನ್ಸ್ (ಬಿಡಬೇಕಾದ ಸಂದು) ಬಿಸಿ ಎಂಜಿನ್‌ನಲ್ಲಿ ಇನ್‌ಟೇಕ್‌ಗೆ 0.25 ಮಿ.ಮೀ., ಎಕ್ಸಾಸ್ಟ್‌ಗೆ 0.30. ಹೊಸ ಕ್ಯಾಮ್ ಆದರೆ ಮೊದಲ 20 ನಿಮಿಷ 2000ಕ್ಕಿಂತ ಕೆಳಗೆ ಇಳಿಸದೆ ಓಡಿಸಿ, ಜಿಂಕ್ ಜಾಸ್ತಿ ಇರುವ ಆಯಿಲ್ ಹಾಕಿ.

ಕಾರ್ಬುರೇಟರ್ ಬಗ್ಗೆ ಜಗಳ ಬೇಡ. ನಿಮ್ಮ ಕಾರಿನಲ್ಲಿ ಎಸ್‌ಯು ಅನ್ನುವ ಬ್ರಿಟಿಷ್ ಕಾರ್ಬುರೇಟರ್ ಮಾದರಿಯ ಎರಡು ಹಿಟಾಚಿ, ತಲೆ ಗುಂಡಗಿರುವವು, ಬಂದಿರಬೇಕು. ಅವನ್ನೇ ರಿಪೇರಿ ಮಾಡಿಸಿ. ಥ್ರಾಟಲ್ ಶಾಫ್ಟ್ ಬುಷ್ ಸವೆದಿದ್ದರೆ ಗಾಳಿ ಸೋರುತ್ತದೆ, ಅದೊಂದನ್ನು ಸರಿಮಾಡಿದರೆ ಮುಕ್ಕಾಲು ಸಮಸ್ಯೆ ಹೋಗುತ್ತದೆ. 1973ರ ಚಪ್ಪಟೆ ತಲೆಯವು ಆಗಿದ್ದರೆ ಮಾತ್ರ ಕೈಬಿಡಿ. ಮೂರು ವೆಬರ್‌ನ ಸದ್ದು ಸೊಗಸು, ಸುಳ್ಳು ಹೇಳುವುದಿಲ್ಲ. ಆದರೆ ಆರು ಗಂಟಲನ್ನೂ (ಒಂದೊಂದು ವೆಬರ್‌ಗೆ ಎರಡು ಗಾಳಿ ದಾರಿ) ಒಂದೇ ಶ್ರುತಿಗೆ ತರುವ ಹುಚ್ಚು ಇರುವವರಿಗೆ ಅದು.

ವಿ8? ಬೇಡ. ಕೂರುತ್ತದೆ, ಓಡುತ್ತದೆ, ಎಷ್ಟೋ ಜನ ಮಾಡಿದ್ದಾರೆ. ಆದರೆ ಆಮೇಲೆ ಡಿಫ್, ಹಾಫ್ ಶಾಫ್ಟ್ (ಡಿಫ್‌ನಿಂದ ಚಕ್ರಕ್ಕೆ ಹೋಗುವ ಶಾಫ್ಟ್), ಬ್ರೇಕ್, ರೇಡಿಯೇಟರ್ ಎಲ್ಲವೂ ಸಾಲಾಗಿ ಕೈಚಾಚುತ್ತವೆ. ನಿಮಗೆ ಬೇಕಾದದ್ದು ಬೆಟ್ಟದ ರಸ್ತೆ, ಅಲ್ವಾ?

ಆ ರಸ್ತೆಗೆ ಸಸ್ಪೆನ್ಶನ್ ಮುಖ್ಯ, ಆದರೆ ಇಲ್ಲೂ ಕಡಿಮೆಯೇ ಜಾಸ್ತಿ. ಒಳ್ಳೆಯ ಡ್ಯಾಂಪರ್, ಸ್ವಲ್ಪವೇ ತಗ್ಗಿಸುವ ಸ್ಪ್ರಿಂಗ್, ಹೊಸ ಬುಷ್. ಮುಂದಿನ ಚಕ್ರ ಹಿಂದೆ-ಮುಂದೆ ಸರಿಯದಂತೆ ಹಿಡಿಯುವ ಟೆನ್ಶನ್ ರಾಡ್‌ನ ಎರಡೂ ಕಡೆ ಗಟ್ಟಿ ಪಾಲಿಯುರಿಥೇನ್ ಬುಷ್ ಹಾಕಿಸಬೇಡಿ. ಬಾಗಲು ಜಾಗ ಇಲ್ಲದೆ ರಾಡ್ ಬಿರುಕು ಬಿಟ್ಟು ತುಂಡಾಗುತ್ತದೆ. ಒಂದು ಕಡೆಯಾದರೂ ರಬ್ಬರ್ ಇರಲಿ. ಹಿಂದಿನ ಸ್ಪಿಂಡಲ್ ಪಿನ್ (ಸಸ್ಪೆನ್ಶನ್ ತೋಳನ್ನು ಹಿಡಿಯುವ ಉದ್ದ ಪಿನ್) ಬಿಚ್ಚುವ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ನನ್ನದು ಒಂದು ಬದಿಯದ್ದೇ ಎರಡು ದಿನ ತಿಂದಿತು. ಬ್ರೇಕ್ ಮುಂದೆ ಡಿಸ್ಕ್, ಹಿಂದೆ ಡ್ರಮ್. ಮೊದಲು ಹೊಸ ಹೋಸ್, ಹೊಸ ಫ್ಲೂಯಿಡ್, ಒಳ್ಳೆಯ ಪ್ಯಾಡ್ ಹಾಕಿ ಓಡಿಸಿ ನೋಡಿ. ಮುಂದೆ ಮಾತ್ರ ದೊಡ್ಡ ಕ್ಯಾಲಿಪರ್ ಹಾಕಿದರೆ ಮುಂದಿನ ಚಕ್ರವೇ ಎಲ್ಲ ಹೊರುತ್ತದೆ, ಹಿಂದಿನದು ಸುಮ್ನೆ ಜೊತೆಗೆ ಬರುತ್ತದೆ.

ಇದೆಲ್ಲಕ್ಕಿಂತ ಮೊದಲು ತುಕ್ಕು. ಬ್ಯಾಟರಿ ಟ್ರೇ ಕೆಳಗೆ, ನೆಲದ ತಗಡು, ಅದರಡಿಯ ರೈಲು, ಬಾಗಿಲ ಹಿಂದಿನ ಮೂಲೆ. ಸ್ಕ್ರೂಡ್ರೈವರ್‌ನಿಂದ ಕುಟ್ಟಿ. ಒಳಗೆ ಹೋದರೆ ಎಂಜಿನ್‌ಗೆ ಇಟ್ಟ ದುಡ್ಡು ವೆಲ್ಡರ್‌ಗೆ ಹೋಗಬೇಕು. ಈ ಕಾರಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್.

ಬಿಡಿಭಾಗ ಆರ್ಡರ್ ಮಾಡುವ ಮುಂಚೆ ನಿಮ್ಮ ಡಿಫ್ ಯಾವುದು ಅಂತ ತಿಳಿದುಕೊಳ್ಳಿ. ಐವತ್ತು ವರ್ಷದಲ್ಲಿ ಯಾರು ಏನು ಬದಲಿಸಿದ್ದಾರೋ. ಗೇರ್ ನ್ಯೂಟ್ರಲ್‌ಗೆ ಹಾಕಿ, ಮುಂದಿನ ಚಕ್ರಗಳಿಗೆ ಅಡೆ ಕೊಡಿ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಇನ್ನೊಂದು ನೆಲದ ಮೇಲೇ ಇರಲಿ. ಹ್ಯಾಂಡ್‌ಬ್ರೇಕ್ ಬಿಡಿ. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ (ಗೇರ್‌ಬಾಕ್ಸಿನಿಂದ ಡಿಫ್‌ಗೆ ಹೋಗುವ ಉದ್ದ ಶಾಫ್ಟ್) ಸೀಮೆಸುಣ್ಣದ ಗೆರೆ ಎಳೆಯಿರಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ (ಇನ್ನೊಂದು ಚಕ್ರ ನಿಂತಿರುವುದರಿಂದ ಎರಡು ಬೇಕು), ಶಾಫ್ಟ್ ಎಷ್ಟು ಸುತ್ತು ಬಂತು ಅಂತ ಇನ್ನೊಬ್ಬರು ಎಣಿಸಲಿ. ಮೂರೂಕಾಲಿಗಿಂತ ಸ್ವಲ್ಪ ಜಾಸ್ತಿ ಬಂದರೆ 3.36. ನಾಲ್ಕಕ್ಕೆ ಕೂದಲೆಳೆ ಕಡಿಮೆ ಬಂದರೆ 3.9 ಆಗಲೇ ನಿಮ್ಮ ಹತ್ತಿರ ಇದೆ.