ನೀವು ಮಾತ್ರೆ ಆಗಲೇ ಶುರು ಮಾಡಿಬಿಟ್ಟಿದ್ದೀರಿ

ನಿಮ್ಮ ನಾಲ್ಕು ಪುಟದ ಪತ್ರದ ಸಾರ ಇಷ್ಟು. ದಾವಣಗೆರೆ ಕಡೆಯ ಊರು, ವಯಸ್ಸು 36, ಸಹಕಾರಿ ಸೊಸೈಟಿಯಲ್ಲಿ ಕ್ಯಾಷಿಯರ್, ಇಬ್ಬರು ಮಕ್ಕಳು. ಒಂದು ವರ್ಷದಿಂದ ಎದೆ ಡವಡವ, ಅಂಗೈ ಬೆವರು. ಬಸ್ಸು ಹತ್ತಿದರೆ ಉಸಿರು ಕಟ್ಟಿದ ಹಾಗಾಗುತ್ತದೆ. ಸಂಜೆ ಕ್ಯಾಷ್ ಟ್ಯಾಲಿ ಮಾಡುವಾಗ ಒಂದೇ ಕಟ್ಟನ್ನು ನಾಲ್ಕು ಸಲ ಎಣಿಸುತ್ತೀರಿ. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ಸರಿಯಾಗಿಯೇ ಬಂದಿವೆ. ಮನೋವೈದ್ಯರು ಆತಂಕದ ಕಾಯಿಲೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟಿದ್ದಾರೆ. ಆ ಸ್ಟ್ರಿಪ್ ಒಂದು ತಿಂಗಳಿಂದ ಬೀರುವಿನಲ್ಲಿದೆ. ಮೆಡಿಕಲ್ ಶಾಪ್ ಇಟ್ಟಿರುವ ನಿಮ್ಮ ಭಾವ "ಒಮ್ಮೆ ಶುರು ಮಾಡಿದ್ರೆ ಜೀವನಪೂರ್ತಿ ಬಿಡೋಕಾಗಲ್ಲ" ಅಂದಿದ್ದಾರೆ. ಯಜಮಾನರು "ನಿನ್ನಿಷ್ಟ" ಅಂದಿದ್ದಾರೆ. ಶುರು ಮಾಡಲೋ ಬೇಡವೋ ಎಂಬುದು ನಿಮ್ಮ ಪ್ರಶ್ನೆ.

ಮೂರನೇ ಪುಟದ ಕೊನೆಯಲ್ಲಿ, ಮಕ್ಕಳ ಪರೀಕ್ಷೆಯ ಮಾತಿನ ನಡುವೆ, ಹೀಗೊಂದು ಸಾಲು ಬರೆದಿದ್ದೀರಿ: "ತೀರಾ ತಡೆಯೋಕೆ ಆಗದಿದ್ದಾಗ ಭಾವ ಕೊಟ್ಟ ಆಲ್‌ಪ್ರಜೋಲಾಮ್ 0.5 ಅರ್ಧ ತಗೋತೀನಿ, ಅದರಿಂದೇನೂ ತೊಂದರೆ ಇಲ್ಲ. ಹತ್ತು ಮಾತ್ರೆಯ ಸ್ಟ್ರಿಪ್ ಮೊದಲು ನಾಲ್ಕು ತಿಂಗಳು ಬರ್ತಿತ್ತು, ಈಗ ಮೂರು ವಾರ ಬರುತ್ತೆ."

ನೀವು ಲೆಕ್ಕದ ಕೆಲಸದವರು. ಈ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಹತ್ತು ಮಾತ್ರೆ ಎಂದರೆ ಇಪ್ಪತ್ತು ಅರ್ಧ. ನಾಲ್ಕು ತಿಂಗಳಿಗೆ ಇಪ್ಪತ್ತು ಎಂದರೆ ವಾರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಮೂರು ವಾರಕ್ಕೆ ಇಪ್ಪತ್ತು ಎಂದರೆ ಹೆಚ್ಚುಕಮ್ಮಿ ದಿನಕ್ಕೊಂದು. "ತೀರಾ ತಡೆಯೋಕೆ ಆಗದಿದ್ದಾಗ" ಎಂಬುದು ಈಗ ಪ್ರತಿದಿನವೂ ಆಗಿದೆ. ಬೀರುವಿನಲ್ಲಿರುವ ಮಾತ್ರೆ ಅಭ್ಯಾಸವಾಗಿಬಿಡುತ್ತದೆ ಎಂದು ಹೆದರಿ ಕೂತಿದ್ದೀರಿ. ನಿಜವಾಗಿ ಅಭ್ಯಾಸವಾಗುವ ಮಾತ್ರೆ ನಿಮ್ಮ ಪರ್ಸಿನಲ್ಲಿದೆ.

ಆಲ್‌ಪ್ರಜೋಲಾಮ್ ಬೆಂಜೊಡಯಾಜಪೀನ್ ಎಂಬ ಗುಂಪಿನ ಔಷಧ. ನುಂಗಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ಎದೆಬಡಿತ ಇಳಿಯುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟವಾಗುತ್ತದೆ. ಕೆಲವು ಗಂಟೆ ಕಳೆದು ಔಷಧದ ಬಲ ಇಳಿಯುತ್ತಿದ್ದಂತೆ ಆತಂಕ ಮತ್ತೆ ತಲೆಯೆತ್ತುತ್ತದೆ, ಎಷ್ಟೋ ಸಲ ಮೊದಲಿಗಿಂತ ಜೋರಾಗಿ. ಈಚೆಗೆ ಬೆಳಗಿನ ಜಾವ ನಾಲ್ಕಕ್ಕೆ ಎದೆ ಹೊಡೆದುಕೊಂಡು ಎಚ್ಚರವಾಗುತ್ತದೆ ಎಂದು ಬರೆದಿದ್ದೀರಿ. ಅದು ರೋಗದ್ದೇ ಇರಬಹುದು, ಹಿಂದಿನ ದಿನದ ಮಾತ್ರೆ ಇಳಿದದ್ದರಿಂದಲೂ ಇರಬಹುದು. ಇದನ್ನು ವೈದ್ಯರು ತೂಗಿ ನೋಡಬೇಕು. ದಿನಾ ತಗೊಂಡರೆ ಕೆಲವೇ ವಾರಗಳಲ್ಲಿ ಮೆದುಳು ಇದಕ್ಕೆ ಒಗ್ಗಿಕೊಳ್ಳುತ್ತದೆ, ಅರ್ಧ ಸಾಲದೆ ಒಂದು ಬೇಕೆನಿಸುತ್ತದೆ. ಹೀಗೆ ಒಗ್ಗಿದ ಮೇಲೆ ಥಟ್ಟನೆ ನಿಲ್ಲಿಸಿದರೆ ನಿದ್ದೆಗೇಡು, ನಡುಕ, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು. ಆದ್ದರಿಂದ ಇದನ್ನು ಓದಿ ಹೆದರಿ ಇಂದೇ ಪೂರ್ತಿ ನಿಲ್ಲಿಸಬೇಡಿ, ಹೆಚ್ಚಿಸಲೂ ಬೇಡಿ. ತಗೊಂಡ ಮೇಲೆ ಸ್ಕೂಟಿ ಓಡಿಸಬೇಡಿ.

ನಿಮ್ಮ ಭಾವನವರ ಮೇಲೆ ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಆಲ್‌ಪ್ರಜೋಲಾಮ್ ಸರ್ಕಾರದ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿರುವ ಔಷಧ. ವೈದ್ಯರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಕೊಟ್ಟಾಗ ಬರೆದುಕೊಟ್ಟ ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಎಂಬುದನ್ನು ಬೇರೆಯದೇ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನಿಮ್ಮ ಸ್ಟ್ರಿಪ್ ಯಾವ ರಿಜಿಸ್ಟರಿನಲ್ಲಿ, ಯಾರ ಹೆಸರಲ್ಲಿ ಬರೆಯಲ್ಪಟ್ಟಿದೆ? ಕೌಂಟರಿನ ಹಿಂದೆ ನಿಂತು ಮನೋವೈದ್ಯರು ಬರೆದದ್ದನ್ನು "ಬೇಡ" ಎನ್ನುವುದು, ಅದೇ ಕೈಯಿಂದ ಚೀಟಿಯಿಲ್ಲದೆ ಇದನ್ನು ಕೊಡುವುದು ಪ್ರೀತಿಯಿಂದಲೇ ಮಾಡಿದ್ದಿರಬಹುದು. ಆದರೂ ತಪ್ಪು ತಪ್ಪೇ. ಚೀಟಿ ಇಲ್ಲದ ಮಾತ್ರೆ ಮನೆಯ ಹೊಸ್ತಿಲು ದಾಟಬಾರದು ಎಂದು ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಇಡೀ ಪತ್ರದಲ್ಲಿ ಒಂದೇ ಸಾಲು ಸಿಕ್ಕಿರುವ ನಿಮ್ಮ ಅತ್ತೆ, "ಡಾಕ್ಟ್ರು ಕೊಟ್ಟಿದ್ದು ತಗೊಳ್ಳವ್ವ, ನಾನು ಮಕ್ಕಳನ್ನ ನೋಡ್ಕೊಂತೀನಿ" ಅಂದಿದ್ದಾರೆ. ಆ ಮನೆಯಲ್ಲಿ ಸರಿಯಾದ ಮಾತು ಆಡಿದವರು ಅವರೊಬ್ಬರೇ.

ಇನ್ನು ಬೀರುವಿನ ಸ್ಟ್ರಿಪ್. ಹಿಂಬದಿಯ ಸಣ್ಣಕ್ಷರವನ್ನು ನಕಲು ಮಾಡಿ ಕಳಿಸಿದ್ದು ಒಳ್ಳೆಯದಾಯಿತು: ಎಸಿಟಾಲೊಪ್ರಾಮ್ 10 ಮಿ.ಗ್ರಾಂ, ಕ್ಲೊನಜೆಪಾಮ್ 0.5 ಮಿ.ಗ್ರಾಂ. ಒಂದೇ ಮಾತ್ರೆಯಲ್ಲಿ ಎರಡು ಔಷಧ, ಎರಡರ ಸ್ವಭಾವವೂ ಬೇರೆ ಬೇರೆ. ಅಸಲಿ ಚಿಕಿತ್ಸೆ ಎಸಿಟಾಲೊಪ್ರಾಮ್. ಅದು ನಿಧಾನಿ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಫಲಕ್ಕೆ ಆರರಿಂದ ಎಂಟು ವಾರ. ಮೊದಲ ಒಂದೆರಡು ವಾರ ಕೆಲವರಿಗೆ ತಳಮಳ ಇನ್ನಷ್ಟು ಹೆಚ್ಚುತ್ತದೆ. ಆ ದಿನಗಳನ್ನು ದಾಟಿಸಲಿಕ್ಕೆ ಅಂತ ವೈದ್ಯರು ಕ್ಲೊನಜೆಪಾಮ್ ಸೇರಿಸುತ್ತಾರೆ. ಇದೂ ಆಲ್‌ಪ್ರಜೋಲಾಮಿನ ಗುಂಪಿನದೇ, ಎರಡು ಮೂರು ವಾರದ ಆಸರೆಗೆ ಮಾತ್ರ. ತೊಂದರೆ ಆಗುವುದು ಇಲ್ಲೇ: ಜೋಡಿ ಮಾತ್ರೆಯಾದರೆ ಒಂದನ್ನು ಬಿಟ್ಟು ಇನ್ನೊಂದನ್ನು ತಗೊಳ್ಳಲು ಆಗುವುದಿಲ್ಲ. ಹಳೇ ಚೀಟಿ ತೋರಿಸಿ ತಿಂಗಳು ತಿಂಗಳು ಅದನ್ನೇ ತರುತ್ತಾ ಹೋದರೆ ಮೂರು ವಾರದ ಆಸರೆ ಮೂರು ವರ್ಷ ನಡೆಯುತ್ತದೆ. "ಬಿಡೋಕೇ ಆಗಲಿಲ್ಲ" ಎಂದು ಜನ ಹೇಳುವ ಎಷ್ಟೋ ಕಥೆಗಳ ಹಿಂದೆ ಇರುವುದು ಈ ಎರಡನೇ ಹೆಸರು. ಜೊತೆಗೆ ನೀವು ಈಗಾಗಲೇ ಆಲ್‌ಪ್ರಜೋಲಾಮ್ ತಗೊಳ್ಳುತ್ತಿರುವುದು ಆ ವೈದ್ಯರಿಗೆ ಗೊತ್ತೇ ಇಲ್ಲ. ಗೊತ್ತಿದ್ದರೆ ಬೇರೆ ರೀತಿ ಬರೆಯುತ್ತಿದ್ದರೋ ಏನೋ.

ಎಸಿಟಾಲೊಪ್ರಾಮಿಗೆ ಹಂಬಲ ಹುಟ್ಟುವುದಿಲ್ಲ, ದಿನ ಕಳೆದಂತೆ ಇನ್ನೂ ಬೇಕು ಬೇಕು ಅನಿಸುವುದಿಲ್ಲ. ಥಟ್ಟನೆ ಬಿಟ್ಟರೆ ಮಾತ್ರ ತಲೆ ತಿರುಗುವುದು, ತಲೆಯೊಳಗೆ ಸಣ್ಣ ಶಾಕ್ ಹೊಡೆದಂತಾಗುವುದು, ಸಿಡುಕು, ಇವು ಬರುತ್ತವೆ. ಅದಕ್ಕೇ ವಾರಗಟ್ಟಲೆ ಹಂತ ಹಂತವಾಗಿ ಇಳಿಸುತ್ತಾರೆ. ಸಾಮಾನ್ಯವಾಗಿ ಗುಣ ಕಂಡ ಮೇಲೆ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ ಆಮೇಲೆ ಇಳಿಸುವುದು ಪದ್ಧತಿ. ಕೆಲವರಿಗೆ ಆತಂಕ ಮರಳುತ್ತದೆ, ಅವರಿಗೆ ಇನ್ನಷ್ಟು ಕಾಲ ಬೇಕಾಗುತ್ತದೆ. ಅದನ್ನೇ ಹಿಡಿದು ಎಲ್ಲರಿಗೂ "ಜೀವನಪೂರ್ತಿ" ಎಂದು ಹೆದರಿಸುವುದು ಸರಿಯಲ್ಲ.

ನನ್ನ ಉತ್ತರ: ಶುರು ಮಾಡಿ. ಒಂದು ವರ್ಷ ಕಾದಿದ್ದೀರಿ, ಕೆಲಸಕ್ಕೂ ಬಸ್ಸಿಗೂ ನಿದ್ದೆಗೂ ಆತಂಕ ನುಗ್ಗಿದೆ. ಈ ಹಂತದಲ್ಲಿ ಚಿಕಿತ್ಸೆ ಮುಂದೂಡುವುದರಲ್ಲಿ ಯಾವ ಲಾಭವೂ ಇಲ್ಲ. ಆದರೆ ಇಂದು ರಾತ್ರಿ ಬೀರು ತೆಗೆದು ಅರ್ಧ ಮುರಿದು ನುಂಗಬೇಡಿ. ಈ ವಾರದೊಳಗೆ ಅದೇ ವೈದ್ಯರ ಬಳಿ ಹೋಗಿ, ಎರಡೂ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟು ಹೇಳಿ: "ಡಾಕ್ಟ್ರೇ, ನೀವು ಬರೆದದ್ದನ್ನ ಇನ್ನೂ ಶುರು ಮಾಡಿಲ್ಲ. ಇದನ್ನ ಅರ್ಧ ಅರ್ಧ, ಈಗ ಹೆಚ್ಚುಕಮ್ಮಿ ದಿನಾ ತಗೋತಿದ್ದೀನಿ." ಬೇರೆಲ್ಲ ಸಲಹೆ ಮರೆತರೂ ಇದೊಂದನ್ನು ಮಾಡಲೇಬೇಕು. ಬೈಯುತ್ತಾರೆಂಬ ಭಯ ಬೇಡ. ಅವರೂ ಮೊದಲ ಸಲವೇ "ಬೇರೇನಾದರೂ ಮಾತ್ರೆ ತಗೋತೀರಾ" ಎಂದು ಕೇಳಬೇಕಿತ್ತು.

ಅಲ್ಲಿ ಕೂತಾಗ ಎಸಿಟಾಲೊಪ್ರಾಮನ್ನು ಬೇರೆ ಮಾತ್ರೆಯಾಗಿ ಬರೆದುಕೊಡಲು ಕೇಳಿ. ಸಾಮಾನ್ಯವಾಗಿ ಮೊದಲ ವಾರ 5 ಮಿ.ಗ್ರಾಂ, ಆಮೇಲೆ 10. ಆಲ್‌ಪ್ರಜೋಲಾಮನ್ನು ಎಷ್ಟು ವಾರದಲ್ಲಿ, ಹೇಗೆ ಇಳಿಸಬೇಕೆಂದು ಚೀಟಿಯಲ್ಲೇ ಬರೆಸಿಕೊಳ್ಳಿ. ತಲೆನೋವಿಗೆಂದು ಆಗಾಗ ಐಬುಪ್ರೊಫೆನ್ ತಗೊಳ್ಳುವುದನ್ನೂ ಹೇಳಿ. ಎಸಿಟಾಲೊಪ್ರಾಮ್ ಜೊತೆ ಅದು ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ, ಬದಲಿಗೆ ಪ್ಯಾರಾಸಿಟಮಾಲ್ ಆದೀತೇ ಎಂದು ಕೇಳಿ. ಮನೆತನದಲ್ಲಿ ಯಾರಿಗಾದರೂ ವಾರಗಟ್ಟಲೆ ನಿದ್ದೆಯಿಲ್ಲದೆ ಅತಿ ಉತ್ಸಾಹ, ಅತಿ ಖರ್ಚು, ಅತಿ ಮಾತು ಕಾಣಿಸಿಕೊಂಡಿದ್ದರೆ ತಪ್ಪದೆ ಹೇಳಿ, ಆಗ ಔಷಧದ ಆಯ್ಕೆಯೇ ಬದಲಾಗಬಹುದು. ಇನ್ನೊಂದು ಮಗುವಿನ ಯೋಚನೆಯಿದ್ದರೆ ಅದನ್ನೂ.

ಮೊದಲ ವಾರ ಹೊಟ್ಟೆ ತೊಳೆಸಿದಂತಾಗಬಹುದು, ಭೇದಿ, ತಲೆನೋವು, ಬಾಯಿ ಒಣಗುವುದು ಇರಬಹುದು. ತಿಂಡಿಯ ನಂತರ ತಗೊಂಡರೆ ಹೊಟ್ಟೆಯ ಕಿರಿಕಿರಿ ಕಡಿಮೆ. ಇವು ಬಹುತೇಕ ಹತ್ತು ಹದಿನೈದು ದಿನದಲ್ಲಿ ಇಳಿಯುತ್ತವೆ, ಜನ ಮಾತ್ರೆ ಎಸೆಯುವುದೂ ಇದೇ ದಿನಗಳಲ್ಲಿ. ನಿದ್ದೆ ಕೆಟ್ಟರೆ ಬೆಳಿಗ್ಗೆಗೆ, ತೂಕಡಿಕೆ ಬಂದರೆ ರಾತ್ರಿಗೆ ಬದಲಾಯಿಸಲು ವೈದ್ಯರನ್ನು ಕೇಳಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಲೈಂಗಿಕ ಆಸಕ್ತಿ ಕುಗ್ಗುವುದು ಇದರ ಸಾಮಾನ್ಯ ಅಡ್ಡಪರಿಣಾಮ, ಅದು ತಾನಾಗಿ ಹೋಗದೆಯೂ ಇರಬಹುದು. ನಾಚಿಕೆಯಿಂದ ಬಾಯಿಬಿಡದೆ ಮಾತ್ರೆಯನ್ನೇ ಬಿಟ್ಟವರಿದ್ದಾರೆ. ಬಾಯಿಬಿಡಿ, ಬೇರೆ ಔಷಧಗಳಿವೆ. ತಡೆಯಲಾಗದ ಚಡಪಡಿಕೆಯಾಗಲಿ, ಸಾಯುವ ಯೋಚನೆಯಾಗಲಿ ಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಅವರು ಸಿಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಅಮ್ಮ ಹೇಳಿದ ಪ್ರಾಣಾಯಾಮ ಮಾಡಿ, ಸೊಸೈಟಿಯ ಆರು ಲೋಟ ಚಹಾವನ್ನು ಎರಡಕ್ಕೆ ಇಳಿಸಿ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಆಪ್ತಸಮಾಲೋಚನೆಯೂ ಆತಂಕಕ್ಕೆ ಗಟ್ಟಿ ಚಿಕಿತ್ಸೆ. ವಾರಕ್ಕೊಂದರಂತೆ ಹನ್ನೆರಡು ಹದಿನಾಲ್ಕು ಸಲ ಕೂರಬೇಕಾಗುತ್ತದೆ. ಬಸ್ಸಿನ ಭಯಕ್ಕೆ ಅದು ಚೆನ್ನಾಗಿ ಹಿಡಿಯುತ್ತದೆ: ಮೊದಲು ಒಂದು ಸ್ಟಾಪ್, ಆಮೇಲೆ ಮೂರು, ಆಮೇಲೆ ಪೂರ್ತಿ ದಾರಿ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಸಿಗುತ್ತದೆಯೇ ವಿಚಾರಿಸಿ.

ಭಾವನವರಿಗೆ ಜಗಳವಿಲ್ಲದೆ ಒಂದೇ ಮಾತು ಹೇಳಿ: "ಇನ್ಮೇಲೆ ಚೀಟಿ ತಂದಾಗ ಮಾತ್ರ ಕೊಡಿ ಭಾವ." ಯಜಮಾನರನ್ನು "ನಿನ್ನಿಷ್ಟ" ಎನ್ನಲು ಬಿಡದೆ ವೈದ್ಯರ ಬಳಿ ಜೊತೆಗೆ ಕರೆದುಕೊಂಡು ಹೋಗಿ, ಮೊದಲ ಎರಡು ವಾರದ ತಳಮಳದ ಬಗ್ಗೆ ಅವರೂ ಕೇಳಿಸಿಕೊಳ್ಳಬೇಕು. ಹೊರಡುವ ಮುಂಚೆ, ನಾಲ್ಕು ವಾರ ಬಿಟ್ಟು ಮತ್ತೆ ಬರುವ ದಿನಾಂಕವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.